ಅಂಜೂರದ ಪಂಜರದಲ್ಲಿ ನೆಗೆಣ್ಣಿಯ ಕೋಳಿಗಳು

ಮೊನ್ನೆ ನನ್ನ ಅಂಜೂರದ ಪಂಜರದ ಫೋಟೊ ನೋಡಿ ಮೆಚ್ಚಿದ ಸ್ನೇಹಿತರೇ, ಅದರೊಳಗೆ ಈಗ ಕೋಳಿಗಳಿವೆ.

ಹೋದ ವರ್ಷ ಹಣ್ಣನ್ನೆಲ್ಲ ಗಿಳಿಗಳು ತಿಂದು ಹಾಕಿದ್ದವು. ಅದಕ್ಕೇ ಈ ಸಲ ಯಲಬುರ್ಗಾದ ನಮ್ಮ ಹಿತ್ತಲಲ್ಲಿ ನಾನೇ ಬಿದಿರ ಗಳ ನೆಟ್ಟು, ಗಿಡಗಳ ಸುತ್ತಲೂ ಮೇಲೂ ಬಲೆ ಬಿಗಿದು, ಒಳಗೆ ನಿಂತು ಓಡಾಡುವಷ್ಟು ಎತ್ತರದ ಪಂಜರ ಕಟ್ಟಿದ್ದೆ. ಬಾಗಿಲನ್ನೂ ಇಟ್ಟಿದ್ದೆ. ಇವತ್ತು ಮೊದಲ ಹಣ್ಣು ಕೀಳಲು ಹೋದರೆ, ನನ್ನ ಹಿರಿಯ ನೆಗೆಣ್ಣಿಯ, ಅಂದರೆ ಗಂಡನ ಅಣ್ಣನ ಹೆಂಡತಿಯ, ಕೋಳಿಗಳು ಕೆಳಗಿನ ಟೊಂಗೆಗಳನ್ನು ಖಾಲಿ ಮಾಡಿ ಮೇಲಿನವಕ್ಕೆ ಹಾರುತ್ತಿದ್ದವು.

“ಅಕ್ಕಾ, ಹಕ್ಕಿ ಬರಬಾರ್ದಂತ ಕಟ್ಟೀನ್ರಿ ಇದನ್ನ!” ಎಂದೆ.

“ಇವೇನ್ ಹಾರಿ ಬಂದಾವೇನ? ನಾನ ಬಾಗ್ಲಾ ತಗದು ಒಳಗ ಬಿಟ್ಟೀನಿ. ಹೊರಗ ನಾಯಿ ಕಾಟ ಭಾಳ ಆಗೇತಿ,” ಎಂದಳು.

ಅತ್ತೆಯವರ ಮುಖ ನೋಡಿದೆ. ಅವರು ಅಕ್ಕಿ ಆರಿಸುತ್ತಲೇ, “ಹೋಗ್ಲಿ ಬಿಡವ್ವಾ. ಅಷ್ಟು ಕಷ್ಟಪಟ್ಟು ಕಟ್ಟಿದ್ದು ಈಗರ ಉಪಯೋಗಕ್ಕ ಬಂತಲ್ಲ,” ಎಂದರು.

ಬಲೆಯ ಮೇಲೆ, ಹೊರಗಡೆ, ಗಿಳಿಗಳು ಕುಳಿತಿದ್ದವು. ಈ ಮನೆಯಲ್ಲಿ ನನ್ನ ಅಂಜೂರಕ್ಕೆ ಬೆಲೆ ಕೊಟ್ಟಿದ್ದು ಅವು ಮಾತ್ರ. ನಾನು ಹೊರಗಿಟ್ಟಿದ್ದೂ ಅವನ್ನೇ.