ಕೂತುಕೊಳ್ಳಲು ಹೊರಟವಳು

ಕಕ್ಕಿಂಜೆಯಿಂದ ಬೆಳ್ತಂಗಡಿಗೆ ಬರುವ ರಸ್ತೆಯಲ್ಲಿ ಒಂದು ಮೋರಿ ಇತ್ತು. ಅದರ ಕಟ್ಟೆಯ ಮೇಲೆ ಒಂದು ಬೆಳಿಗ್ಗೆ ಕೂತವಳಿಗೆ ಏಳಲಿಕ್ಕೇ ಆಗಲಿಲ್ಲ. ಕಾಯಿಲೆ ಏನೂ ಇರಲಿಲ್ಲ. ಹೋದ ಮನೆಯಲ್ಲಿ ಹೆರಿಗೆ ಸುಸೂತ್ರವಾಗಿ ಆಗಿತ್ತು, ದೋಸೆ ಕಾಫಿ ಕೊಟ್ಟಿದ್ದರು, ಮನೆಯ ಆಳು ನನ್ನ ಚೀಲ ಹೊತ್ತು ರಸ್ತೆಯವರೆಗೆ ಬಿಟ್ಟು ಹೋಗಿದ್ದ. ಬಸ್ಸು ಬಂದು ನಿಂತಿತು. ಕಂಡಕ್ಟರ್ ಗುರುತಿನವ. "ಬರ್ಪರಾ ನರ್ಸಮ್ಮ?" ಎಂದು ಕೂಗಿದ. ಬರುತ್ತೇನೆ ಎನ್ನಲು ಬಾಯಿ ತೆರೆದರೆ "ಇಲ್ಲ" ಎಂದು ಬಂತು. ಅವನು ನನ್ನನ್ನು ಒಂದು ಥರ ನೋಡಿ ಸೀಟಿ ಊದಿದ. ಬಸ್ಸು ಹೋಯಿತು, ಧೂಳು ಕೂತಿತು, ನಾನೂ ಕೂತೇ ಇದ್ದೆ. ಆಗ ನನ್ನ ತಲೆಯಲ್ಲಿ ದೇವರೂ ಇರಲಿಲ್ಲ, ದೆವ್ವವೂ ಇರಲಿಲ್ಲ. ಸಾಕು ಎಂಬ ಒಂದೇ ಮಾತು ಇತ್ತು.

ನಮ್ಮ ಜಿಲ್ಲೆ ಮದರಾಸಿನಿಂದ ಮೈಸೂರಿಗೆ ಸೇರಿ ಸ್ವಲ್ಪ ಕಾಲವಾಗಿತ್ತು. ಬೆಳ್ತಂಗಡಿಯ ಹತ್ತಿರ ನಮ್ಮ ಪ್ರಾಟೆಸ್ಟೆಂಟ್ ಸಭೆಯವರು ನಡೆಸುತ್ತಿದ್ದ ಸಣ್ಣ ಆಸ್ಪತ್ರೆಯಲ್ಲಿ ನಾನು ನರ್ಸು. ಒಬ್ಬರು ಡಾಕ್ಟರು, ಒಬ್ಬ ಕಂಪೌಂಡರು, ನಾನು. ಹೆರಿಗೆಯೆಲ್ಲ ನನ್ನ ಪಾಲಿಗೆ. ಆಸ್ಪತ್ರೆಗೆ ಬರುವವರು ಕಡಿಮೆ, ಮನೆಗೇ ಕರೆಯುತ್ತಿದ್ದರು. ಬಂಟರ ಮನೆ, ಬ್ಯಾರಿಗಳ ಮನೆ, ಗುಡ್ಡದ ಆಚೆಯ ಗುಡಿಸಲು, ಎಲ್ಲ ಕಡೆಗೂ ಕಾಲ್ನಡಿಗೆ. ಹೊಳೆಗಳಿಗೆ ಸೇತುವೆ ಇಲ್ಲದ ಕಾಲ. ಸೀರೆ ಎತ್ತಿ ಹೊಳೆ ದಾಟಿ ದಾಟಿ ನನ್ನ ಪಾದಗಳು ಯಾವಾಗಲೂ ಬೆಂದ ಗೆಣಸಿನ ಹಾಗೆ ಇರುತ್ತಿದ್ದವು. ಇಪ್ಪತ್ತು ವರ್ಷದ ಹತ್ತಿರ ಇದನ್ನೇ ಮಾಡಿದ್ದೆ. ಮದುವೆ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ ಪುರುಸೊತ್ತು ಸಿಗಲಿಲ್ಲ ಎನ್ನುತ್ತಿದ್ದೆ. ಅದು ತಮಾಷೆ ಅಂತ ಅವರು ನಗುತ್ತಿದ್ದರು.

ಕೆಲಸ ಬಿಡುವುದು ಸುಲಭ ಎಂದು ನೀವು ತಿಳಿಯಬಹುದು. ನಮ್ಮವರಲ್ಲಿ ಅದು ಸುಲಭವಲ್ಲ. ಆಸ್ಪತ್ರೆಯ ಕೆಲಸಕ್ಕೆ ಯಾರೂ ಕೆಲಸ ಎನ್ನುತ್ತಿರಲಿಲ್ಲ, ಸೇವೆ ಎನ್ನುತ್ತಿದ್ದರು. ಕೆಲಸಕ್ಕೆ ರಾಜೀನಾಮೆ ಉಂಟು, ಸೇವೆಗೆ ಎಲ್ಲಿ? ಮದುವೆಯಾದರೆ ಬಿಡಬಹುದು, ಸತ್ತರೆ ಬಿಡಬಹುದು, ದೇವರು ಬೇರೆ ಯಾವುದೋ ದೊಡ್ಡ ಕೆಲಸಕ್ಕೆ ಕರೆದರೆ ಬಿಡಬಹುದು. ಇದಕ್ಕೆ ನಮ್ಮಲ್ಲಿ ಕರೆ ಎಂದೇ ಹೆಸರು. ನನಗೆ ಎಲ್ಲಿಂದಲೂ ಕರೆ ಬಂದಿರಲಿಲ್ಲ. ನನಗೆ ಸುಸ್ತಾಗಿತ್ತು, ಅಷ್ಟೆ. ಬರೀ ಸುಸ್ತಾಗಿದೆ ಎಂದು ದೇವರ ಕೆಲಸ ಬಿಡಬಹುದೋ ಬಾರದೋ, ಬಿಟ್ಟರೆ ಆ ದೇವರು ಮುಂದೆ ನನ್ನ ಮುಖ ನೋಡುತ್ತಾನೋ ಇಲ್ಲವೋ, ಇದೇ ನನ್ನನ್ನು ಕೊರೆಯುತ್ತಿದ್ದದ್ದು. ಏಳನೆಯ ದಿನ ಆತನೇ ವಿಶ್ರಮಿಸಿದ ಎಂದು ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದವಳು ನಾನೇ. ನನ್ನ ವಿಷಯಕ್ಕೆ ಬಂದಾಗ ಆ ಪಾಠ ಬಾಯಿಗೆ ಬರಲಿಲ್ಲ.

ಮೂಡುಬಿದಿರೆಯಲ್ಲಿ ನನ್ನ ಅಕ್ಕ ಇದ್ದಳು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಾಡಿಕೊಂಡು ಬದುಕುತ್ತಿದ್ದವಳು. ಕ್ರಿಸ್ಮಸ್ಸಿಗೆ ಹೋದಾಗ ಅವಳಿಗೆ ಮೊದಲು ಹೇಳಿದೆ. ಮಿಶಿನ್ನಿನಿಂದ ತಲೆ ಎತ್ತದೆ ಕೇಳಿದಳು, "ಬಿಟ್ಟು ಏನು ಮಾಡ್ತಿ?"

"ಕೂತುಕೊಳ್ತೇನೆ."

"ಎಲ್ಲಿ?"

"ಇಲ್ಲೇ. ನಿನ್ನ ಜಗಲಿಯಲ್ಲಿ."

"ಕೂತುಕೋ," ಎಂದಳು. "ಆದ್ರೆ ಓಡಿ ಬಂದವಳ ಹಾಗೆ ಬರ್ಬೇಡ. ನಿನ್ನ ಜಾಗಕ್ಕೆ ಒಬ್ಬಳನ್ನು ಇಟ್ಟು ಬಾ. ಇಲ್ಲದಿದ್ರೆ ಇಲ್ಲಿ ಕೂತರೂ ನಿನಗೆ ಮುಳ್ಳು ಚುಚ್ಚುತ್ತದೆ." ಅವಳು ಹೇಳಿದ್ದು ಸರಿ. ಹಾಗೆ ಒಂದು ವರ್ಷದೊಳಗೆ ಎಲ್ಲವನ್ನೂ ನೇರ ಮಾಡಿ, ಯಾರಿಗೂ ತೊಂದರೆ ಆಗದ ಹಾಗೆ ಹೊರಡುವುದು ಎಂದು ನಿಶ್ಚಯಿಸಿದೆ. ಮೊದಲು ಪ್ರಾರ್ಥನೆ, ಆಮೇಲೆ ಡಾಕ್ಟರಿಗೆ ಹೇಳುವುದು, ಆಮೇಲೆ ಹೊಸಬಳನ್ನು ಹುಡುಕುವುದು. ಈ ಕ್ರಮದಲ್ಲೇ ನಾನು ಎಡವಿದೆ. ಡಾಕ್ಟರಿಗೆ ಮೊದಲು ಹೇಳಬೇಕಿತ್ತು.

ಪ್ರತಿ ಶುಕ್ರವಾರ ಸಂಜೆ ಡಾಕ್ಟರ ಮನೆಯ ಚಾವಡಿಯಲ್ಲಿ ಪ್ರಾರ್ಥನಾ ಕೂಟ ನಡೆಯುತ್ತಿತ್ತು. ಅಲ್ಲಿದ್ದ ನಾಲ್ಕಾರು ಕ್ರೈಸ್ತ ಮನೆಯವರು ಸೇರುತ್ತಿದ್ದರು. ನಡೆಸುವವರು ನಮ್ಮ ಉಪದೇಶಿ. ಪಾದ್ರಿಗಳು ದೂರದಲ್ಲಿದ್ದುದರಿಂದ ನಮ್ಮ ಕಷ್ಟಸುಖಕ್ಕೆ ಅವರೇ. ಮೊದಲು ಹಾಡು, ಆಮೇಲೆ ವೇದಪಾಠ, ಆಮೇಲೆ ಯಾರಿಗೆ ಯಾವ ವಿಷಯಕ್ಕೆ ಪ್ರಾರ್ಥನೆ ಬೇಕೋ ಅವರು ಹೇಳಬೇಕು, ಉಳಿದವರು ಒಬ್ಬೊಬ್ಬರಾಗಿ ಅದಕ್ಕಾಗಿ ಗಟ್ಟಿಯಾಗಿ ಪ್ರಾರ್ಥಿಸಬೇಕು. ನಾನು ಎದ್ದು ಹೇಳಿದೆ: "ನಾನು ಕೆಲಸ ಬಿಡಬೇಕೆಂದಿದ್ದೇನೆ. ದಾರಿ ತೋರಿಸುವ ಹಾಗೆ ಪ್ರಾರ್ಥನೆ ಮಾಡಿ."

ಉಪದೇಶಿ ಶುರು ಮಾಡಿದರು. "ಕರ್ತನೇ, ನಿನ್ನ ದಾಸಿಯ ಬಲಹೀನತೆಯನ್ನು ನೀನು ಬಲ್ಲೆ. ಆಕೆಯ ಮನಸ್ಸಿಗೆ ಸೈತಾನನಿಂದ ಬಂದ ಈ ಶೋಧನೆಯನ್ನು ದೂರಮಾಡು. ಆಕೆಯ ಕಾಲುಗಳಿಗೆ ಜಿಂಕೆಯ ಚುರುಕು ಕೊಡು." ಜಿಂಕೆ ಎಂದಾಗ ನನಗೆ ನಗು ಬಂತು. ಡಾಕ್ಟರ ಹೆಂಡತಿ, ನಾನು ಇನ್ನೂ ಅನೇಕ ವರ್ಷ ಈ ಊರಿಗೆ ಬೆಳಕಾಗಿರುವಂತೆ ಮಾಡು ಎಂದು ಬೇಡಿದರು. ಕಂಪೌಂಡರು, ನಾನಿಲ್ಲದಿದ್ದರೆ ಆಸ್ಪತ್ರೆ ಏನಾದೀತೆಂದು ದೇವರಿಗೆ ವಿವರವಾಗಿ ತಿಳಿಸಿದರು. ಡಾಕ್ಟರು ಕೊನೆಗೆ ಸಂಕ್ಷೇಪವಾಗಿ, "ಇವರನ್ನು ನಮಗೆ ಉಳಿಸಿಕೊಡು ತಂದೆ," ಎಂದರು. ಒಬ್ಬೊಬ್ಬರು ಮುಗಿಸಿದಾಗಲೂ ಎಲ್ಲರೂ ಆಮೆನ್ ಎಂದರು. ಚಿಕ್ಕಂದಿನಿಂದ ಅಭ್ಯಾಸವಾದ ಬಾಯಿ, ನಾನೂ ಆಮೆನ್ ಎಂದೆ. ಪ್ರತಿ ಸಲವೂ ಎಂದೆ.

ಮರುದಿನ ಡಾಕ್ಟರ ಕೋಣೆಗೆ ಹೋಗಿ ಬಿಡುವ ವಿಷಯ ತೆಗೆದರೆ ಅವರಿಗೆ ಆಶ್ಚರ್ಯ. ಧಾರವಾಡದ ಕಡೆಯವರು, ಸಜ್ಜನರು. "ನಿನ್ನೆ ಪ್ರಾರ್ಥನಾ ಮಾಡಿದ್ವಲ್ರೀ ಸಿಸ್ಟರ್. ನೀವೂ ಆಮೆನ್ ಅಂದ್ರಿ," ಎಂದರು. ಆಮೆನ್ ಎಂದರೆ ಹಾಗೆಯೇ ಆಗಲಿ ಎಂದು. ನಾನು ನನ್ನ ಕೈಯಾರೆ ಬಾಗಿಲು ಹಾಕಿ ಚಿಲಕ ಇಕ್ಕಿಕೊಂಡಿದ್ದೆ. ಅಲ್ಲಿಗೆ ಒಂದು ವರ್ಷ ಹೋಯಿತು. ಆ ದಿನ ಮನೆಗೆ ಬಂದು ಕೊಡೆಯನ್ನು ಮೂಲೆಗೆ ಎಸೆದೆ. ಅದರ ಕಡ್ಡಿ ಮುರಿದು, ರಿಪೇರಿಗೆ ನಾನೇ ಒಯ್ಯಬೇಕಾಯಿತು.

ಮುಂದಿನ ಶುಕ್ರವಾರಗಳಲ್ಲಿ ನಾನು ಜಾಣತನ ಮಾಡಿದೆ. ನನ್ನ ಹೆಸರು ಬಂದ ಪ್ರಾರ್ಥನೆಗೆ ಬಾಯಿ ಬಿಗಿದು ಕೂರುತ್ತಿದ್ದೆ. ಉಪದೇಶಿ ಗಮನಿಸಿ, "ಹಲ್ಲು ನೋವು ಉಂಟಾ ಸಿಸ್ಟರ್?" ಎಂದು ಕೇಳಿದರು. ಅವರು ಕೆಟ್ಟವರಲ್ಲ. ಯಾರೂ ಕೆಟ್ಟವರಾಗಿರಲಿಲ್ಲ. ಕೆಟ್ಟವರಾಗಿದ್ದರೆ ಜಗಳವಾಡಿ ಹೊರಟುಬಿಡಬಹುದಿತ್ತು.

ಆದರೂ ಹೊಸಬಳನ್ನು ಹುಡುಕುವುದನ್ನು ನಾನು ಬಿಡಲಿಲ್ಲ. ಮರುವರ್ಷ ಸಿಕ್ಕಿದವಳು ಬಂಟ್ವಾಳದ ಹುಡುಗಿ, ಆಗ ತಾನೆ ಟ್ರೈನಿಂಗ್ ಮುಗಿಸಿದ್ದಳು. ಅವಳ ಮನೆ ಹೊಳೆಯ ದಡದಲ್ಲಿ. ಮಳೆಗಾಲದಲ್ಲಿ ನೇತ್ರಾವತಿ ಅವರ ಅಂಗಳಕ್ಕೆ ಬಂದು ಹೋಗುವವಳು. ಹಾಗಾಗಿ ನೀರೆಂದರೆ ಅವಳಿಗೆ ಹೆದರಿಕೆ ಇರಲಿಲ್ಲ. ಕಷ್ಟ ಇದ್ದದ್ದು ಒಂದೇ, ಅವಳು ಕೊಂಕಣಿ ಮಾತಾಡುವ ಕೆಥೋಲಿಕರವಳು. ನಮ್ಮ ಸಭೆಯ ಹಿರಿಯರಿಗೆ ಅದು ಗಂಟಲಲ್ಲಿ ಸಿಕ್ಕಿದ ಮುಳ್ಳು. "ನಮ್ಮವರೇ ಯಾರೂ ಸಿಗಲಿಲ್ಲವಾ?" ಎಂದರು. "ನಿಮ್ಮ ಮನೆಯಿಂದ ಒಬ್ಬಳನ್ನು ಕಳಿಸಿ, ನಾಳೆಯೇ ಕಲಿಸ್ತೇನೆ," ಎಂದೆ. ಆಮೇಲೆ ಯಾರೂ ಕೇಳಲಿಲ್ಲ. ಅವಳನ್ನು ನನಗೆ ಸಹಾಯಕ್ಕೆ ಎಂದು ತೆಗೆದುಕೊಂಡರು. ನನ್ನ ಜಾಗಕ್ಕೆ ಎಂದು ನನಗೆ ಮಾತ್ರ ಗೊತ್ತಿತ್ತು. ಒಂದು ತಿಂಗಳಲ್ಲಿ ಅವಳಿಗೂ ಹೇಳಿದೆ.

ಅವಳನ್ನು ಕರೆದುಕೊಂಡು ಎಲ್ಲ ಮನೆಗಳಿಗೂ ಹೋದೆ. ಹೆರಿಗೆ ಮಾಡಿಸುವುದು ಅವಳಿಗೆ ಬರುತ್ತಿತ್ತು. ಮನೆಗಳು ಅವಳನ್ನು ಒಪ್ಪಬೇಕಿತ್ತು. ಯಾವ ಅತ್ತೆಗೆ ಸೊಸೆಯ ಎದುರು ಗದರಬೇಕು, ಯಾವ ಅತ್ತೆಗೆ ಮೊದಲು ವೀಳ್ಯ ಹಾಕಿಕೊಂಡು ಮಾತಾಡಬೇಕು, ಇವನ್ನು ಟ್ರೈನಿಂಗಿನಲ್ಲಿ ಕಲಿಸುವುದಿಲ್ಲ. ಒಂದು ಬ್ಯಾರಿಗಳ ಮನೆಯಲ್ಲಿ, ನಾನು ಮೂರು ತಲೆಮಾರನ್ನು ಕಂಡ ಮನೆ ಅದು, ಅಲ್ಲಿಯ ಮುದುಕಿ ಹುಡುಗಿಯ ಕೈಯನ್ನು ಮಗುಚಿ ಮಗುಚಿ ನೋಡಿ, "ಇವಳು ಇನ್ನು ಬರುವುದಾ? ಆಗಲಿ. ನಿಮಗೂ ವಯಸ್ಸಾಯಿತಲ್ಲ," ಎಂದು ತುಳುವಿನಲ್ಲಿ ಹೇಳಿ ಒಳಗೆ ಚಹಾ ಮಾಡಲು ಹೇಳಿದರು. ಅಷ್ಟೇ. ನಮ್ಮ ಚಾವಡಿಯಲ್ಲಿ ಒಂದು ವರ್ಷದಿಂದ ಬಗೆಹರಿಯದ್ದು ಅಲ್ಲಿ ಚಹಾ ಕುದಿಯುವುದರೊಳಗೆ ಬಗೆಹರಿಯಿತು. ಸಂತೋಷಪಡುವುದೋ ಬೇಜಾರು ಮಾಡಿಕೊಳ್ಳುವುದೋ ತಿಳಿಯದೆ ಚಹಾ ಕುಡಿದು ಬಂದೆ.

ದಾರಿಯಲ್ಲಿ ಹುಡುಗಿ ಗುಟ್ಟಿನಂತೆ ಹೇಳಿದಳು, "ಸಿಸ್ಟರ್, ನಿಮಗೆ ಬೇಗ ಬಿಡುಗಡೆ ಸಿಗ್ಲಿಕ್ಕೆ ನಾನು ಅಂತೋನಿ ಸಂತರಿಗೆ ಒಂಬತ್ತು ದಿನದ ನೊವೇನ ಪ್ರಾರ್ಥನೆ ಹಿಡಿದಿದ್ದೇನೆ."

"ನಮಗೆ ಸಂತರು ಗಿಂತರು ಇಲ್ಲ ಮಾರಾಯ್ತಿ. ಕೇಳುವುದಿದ್ರೆ ನೇರ ದೇವರಲ್ಲಿ ಕೇಳ್ಬೇಕು," ಎಂದು ಗದರಿದೆ. ನಿಲ್ಲಿಸು ಎಂದು ಮಾತ್ರ ಹೇಳಲಿಲ್ಲ.

ಆ ವರ್ಷದ ಮಳೆಗಾಲ ಮುಗಿಯುವಾಗ ಇನ್ನೊಂದು ಶುಕ್ರವಾರ ಬಂತು. ಆ ದಿನ ಪ್ರಾರ್ಥನೆ ನಡೆಸುವ ಸರದಿ ನನ್ನದು. ನಾವು ಮನೆಯಲ್ಲಿ, ದಾರಿಯಲ್ಲಿ, ಹೆರಿಗೆಯ ಕೋಣೆಯಲ್ಲಿ ಮಾತಾಡುವುದು ತುಳು. ಹಾಡುಗಳೂ ತುಳುವಿನಲ್ಲಿ ಇದ್ದವು. ಆದರೆ ಡಾಕ್ಟರಿಗೆ ತಿಳಿಯಲೆಂದು ಆ ಕೂಟದ ಪ್ರಾರ್ಥನೆ ಮಾತ್ರ ಕನ್ನಡದಲ್ಲಿ, ಅದೂ ಪುಸ್ತಕದ ಕನ್ನಡದಲ್ಲಿ. ಕಣ್ಣು ಮುಚ್ಚಿ, "ಕೃಪಾಳುವಾದ ತಂದೆಯೇ," ಎಂದು ಶುರು ಮಾಡಿದೆ. ಮುಂದಿನ ಮಾತು ಬರಲಿಲ್ಲ. ಬಲಹೀನತೆ, ಶೋಧನೆ, ಚಿತ್ತ, ಎಲ್ಲ ನಾಲಿಗೆಯ ತುದಿಯಲ್ಲಿ ಇದ್ದವು. ಒಂದೂ ನನ್ನದಲ್ಲ ಎನಿಸಿತು. ಆಮೇಲೆ ನನ್ನ ಬಾಯಿಂದ ಬಂದದ್ದು, "ದೇವೆರೆ, ಎಂಕ್ ಬಚ್ಚಿಂಡ್. ಎಂಕ್ ಒಂತೆ ಕುಲ್ಲೊಡು."

ಅಷ್ಟೇ ಹೇಳಿ ನಿಲ್ಲಿಸಿದೆ. ಆಮೆನ್ ಎನ್ನಲೂ ಮರೆತೆ. ಡಾಕ್ಟರು ಕಣ್ಣು ಬಿಟ್ಟು ಉಪದೇಶಿಯನ್ನು ಮೆಲ್ಲನೆ ಕೇಳಿದರು, "ಏನಂದ್ರು?"

ಉಪದೇಶಿ ಗಂಟಲು ಸರಿಮಾಡಿಕೊಂಡರು. "ದಣಿದಿದ್ದಾರಂತೆ. ಸ್ವಲ್ಪ ಕೂತುಕೊಳ್ಳಬೇಕಂತೆ." ಹೇಳುವಾಗ ಅವರ ದನಿ ಸಣ್ಣದಾಯಿತು. ಅವರೂ ಹಳ್ಳಿ ಹಳ್ಳಿ ನಡೆಯುವವರೇ ಅಲ್ಲವೇ?

ಡಾಕ್ಟರು ನನ್ನ ಕಡೆ ತಿರುಗಿದರು. "ಅಯ್ಯೋ, ಇಷ್ಟೇ ಏನ್ರೀ? ಮೊದಲ ಹೇಳಬಾರದಿತ್ತೇನು?"

ಮೊದಲೇ! ನನಗೆ ಸಿಟ್ಟು ನೆತ್ತಿಗೇರಿತು. ಏನೋ ಹೇಳುವುದರೊಳಗೆ ಡಾಕ್ಟರ ಹೆಂಡತಿ ಬಂದು ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟರು. ಅಳುವವರ ಮೇಲೆ ಸಿಟ್ಟು ಮಾಡುವುದು ಹೇಗೆ? ಕ್ರಿಸ್ಮಸ್ಸಿಗೆ ಮೊದಲು ನನ್ನನ್ನು ಬಿಟ್ಟುಕೊಟ್ಟರು. ಬೀಳ್ಕೊಡುವ ದಿನ ಭಾಷಣದಲ್ಲಿ ಹಿರಿಯರೊಬ್ಬರು, ಸಿಸ್ಟರರು ದೇವರ ಹೊಸ ಕರೆಗೆ ಓಗೊಟ್ಟು ಹೋಗುತ್ತಿದ್ದಾರೆ ಎಂದರು. ಕೂತಲ್ಲಿಂದಲೇ, "ಅಲ್ಲ, ಮನೆಗೆ ಹೋಗ್ತೇನೆ," ಎಂದೆ. ಹಿಂದೆ ಕೂತಿದ್ದ ಹುಡುಗಿ ಕಿಸಕ್ಕನೆ ನಕ್ಕಳು. ನನ್ನ ಚೀಲವನ್ನು, ಕತ್ತರಿ ಇಕ್ಕುಳ ಸಮೇತ, ಅವಳಿಗೇ ಕೊಟ್ಟು ಬಂದೆ.

ಇಷ್ಟೆಲ್ಲ ಹದವಾಗಿ ಹೊರಟು ಬಂದವಳಿಗೆ ಮೂಡುಬಿದಿರೆಯ ಜಗಲಿಯಲ್ಲಿ ಸುಖವಾಗಬೇಕಿತ್ತು. ಆಗಲಿಲ್ಲ. ಯಾರಾದರೂ ಗೇಟು ತೆರೆದ ಸದ್ದಾದರೆ ಎದ್ದು ನಿಲ್ಲುತ್ತಿದ್ದೆ. ಒಂದು ಮಧ್ಯಾಹ್ನ ನಿಜವಾಗಿಯೂ ಒಬ್ಬ ಬಂದ, ಮಿಜಾರಿನಿಂದ ಸೈಕಲ್ ತುಳಿದುಕೊಂಡು. ಬೆವರಿ ನೀರಾಗಿದ್ದ. ಹೆಂಡತಿಗೆ ನೋವು ಶುರುವಾಗಿದೆ, ನಿಮ್ಮದು ಒಳ್ಳೆಯ ಕೈಗುಣ ಅಂತ ಹೇಳಿದರು, ಬರಬೇಕು ಎಂದ. ಚಪ್ಪಲಿ ಹಾಕಲು ಕಾಲು ತಾನಾಗಿ ಹೋಯಿತು. ಅದನ್ನು ಹಿಂದಕ್ಕೆ ಎಳೆದುಕೊಂಡು ಹೇಳಿದೆ, "ನಾನು ಕೆಲಸ ಬಿಟ್ಟಾಗಿದೆ ಮಗಾ. ಪೇಟೆಯ ಆಸ್ಪತ್ರೆಯಲ್ಲಿ ಮಿಡ್‌ವೈಫ್ ಇದ್ದಾರೆ. ಬೇಗ ಹೋಗು, ಅವರನ್ನು ಕರ್ಕೊಂಡು ಹೋಗು." ಅವನು ಎರಡನೆಯ ಸಲ ಕೇಳಲಿಲ್ಲ. ಕೇಳಿದ್ದರೆ ಹೋಗುತ್ತಿದ್ದೆನೇನೋ.

ಆಮೇಲಿನ ಹೊತ್ತು ಕೆಟ್ಟದ್ದು. ಮಗು ಅಡ್ಡ ಬಂದಿದ್ದರೆ? ರಕ್ತ ನಿಲ್ಲದಿದ್ದರೆ? ಜಗಲಿಯಲ್ಲಿ ಆಚೆ ಈಚೆ ತಿರುಗಿದೆ. ಅಕ್ಕ ಒಳಗಿನಿಂದ, "ಹೋಗುದಾದ್ರೆ ಹೋಗು, ಕೂತುಕೊಳ್ಳುದಾದ್ರೆ ಕೂತುಕೋ. ನನ್ನ ತಲೆ ತಿರುಗ್ತದೆ," ಎಂದಳು. ಕೊನೆಗೆ ಕೋಣೆಗೆ ಹೋಗಿ ಆ ಹೆಂಗಸಿಗಾಗಿ ಪ್ರಾರ್ಥಿಸಿದೆ. ಮೊಣಕಾಲೂರಿದ ಮೇಲೆ ಹೊಳೆಯಿತು, ಇಷ್ಟು ವರ್ಷದಲ್ಲಿ ಒಬ್ಬ ಬಸುರಿಗಾಗಿಯೂ ನಾನು ಹೀಗೆ ಕೂತು ಬೇಡಿರಲಿಲ್ಲ. ನನ್ನ ಕೈ ಅಲ್ಲಿ ಇರುತ್ತಿತ್ತಲ್ಲ, ಬೇಡುವುದು ಯಾಕೆ?

ಮರುದಿನ ಅವನು ಪೇಟೆಗೆ ಬಂದವನು ಗೇಟಿನ ಹೊರಗೇ ಸೈಕಲ್ ನಿಲ್ಲಿಸಿ ಹೇಳಿದ, "ಹೆಣ್ಣು ಮಗು ಅಮ್ಮ. ಇಬ್ಬರೂ ಚೆನ್ನಾಗಿದ್ದಾರೆ. ಆ ಮಿಡ್‌ವೈಫ್ ಭಾರೀ ಒಳ್ಳೆಯವರು."

ನನಗೆ ಮೊದಲು ಬಂದದ್ದು ಸಂತೋಷವಲ್ಲ, ಹೊಟ್ಟೆಕಿಚ್ಚು. ಭಾರೀ ಒಳ್ಳೆಯವರಂತೆ! ಅವನು ಹೋದ ಮೇಲೆ ಅಕ್ಕನಿಗೆ ಕಾಣದ ಹಾಗೆ ಬಾವಿಯ ಕಡೆ ಹೋಗಿ ಅತ್ತೆ. ದೇವರ ಕೆಲಸ ಎಂದು ಅಷ್ಟು ವರ್ಷ ಹೇಳಿಕೊಂಡು ತಿರುಗಿದವಳು, ನಾನಿಲ್ಲದಿದ್ದರೆ ಆತನಿಗೆ ಕೈಯೇ ಇಲ್ಲ ಎಂದು ಒಳಗೊಳಗೆ ನಂಬಿದ್ದೆ. ಮಿಜಾರಿನಲ್ಲಿ ನಾನಿಲ್ಲದೆ ಒಂದು ಮಗು ಹುಟ್ಟಿ ಹಾಲು ಕುಡಿಯುತ್ತಿತ್ತು. ಮುಖ ತೊಳೆದುಕೊಂಡು ಒಳಗೆ ಬಂದೆ. ಚೀಲ ಕೊಟ್ಟದ್ದು, ಭಾಷಣ ಕೇಳಿದ್ದು, ಬಸ್ಸು ಹತ್ತಿದ್ದು ಎಲ್ಲ ಮೊದಲೇ ಆಗಿತ್ತು. ನಾನು ಕೆಲಸ ಬಿಟ್ಟದ್ದು ಮಾತ್ರ ಆ ದಿನ.