ಹನ್ನೊಂದನೇ ಮಂಚ

೧೯೪೪ರ ಒಂದು ಶನಿವಾರ. ಬೆಳಿಗ್ಗೆ ಹತ್ತು ಗಂಟೆಗೆ ನಾನು ಹಲಸೂರಿನ ಹತ್ತಿರದ ಮಿಲಿಟರಿ ಆಸ್ಪತ್ರೆಯಲ್ಲಿ, ಮೂರನೇ ವಾರ್ಡಿನ ಬಾಗಿಲಲ್ಲಿ ನಿಂತಿದ್ದೆ. ಸ್ಟ್ರೆಚರನ್ನು ಕಾಲಿನ ಕಡೆ ನಾನು ಹಿಡಿದಿದ್ದೆ. ತಲೆಯ ಕಡೆ ಹಿಡಿದವನು ಕಗ್ಗದಾಸಪುರದ ಮುನಿಸ್ವಾಮಿ, ನನ್ನ ಹಾಗೆಯೇ ವಾರ್ಡಿನ ಕೆಲಸದವನು.

ಆ ಆಸ್ಪತ್ರೆ ಮೊದಲು ಗೋರಾ ಸಿಪಾಯಿಗಳಿಗೆಂದು, ಅಂದರೆ ಬಿಳಿಯರಿಗೆಂದು ಕಟ್ಟಿದ್ದು. ಎಕ್ಸ್‌ರೇ ಕೋಣೆ, ಆಪರೇಷನ್ ಥಿಯೇಟರು, ಎರಡು ಅಡುಗೆಮನೆ ಎಲ್ಲ ಇದ್ದವು. ಬರ್ಮಾ ಕಡೆಯ ಯುದ್ಧದ ಗಾಯಾಳುಗಳು ಬರತೊಡಗಿದ ಮೇಲೆ ಇಪ್ಪತ್ತು ಮಂಚದ ವಾರ್ಡಿಗೆ ನಲವತ್ತು ಮಂಚ ಹಾಕಿದರು.

ಶನಿವಾರ ಕರ್ನಲ್ ಸಾಹೇಬರ ತಪಾಸಣೆ. ಅದಕ್ಕೆ ಮುಂಚೆ ನಾವು ಮಂಚಗಳನ್ನು ರೋಗಿಗಳ ಸಮೇತ ವರಾಂಡಕ್ಕೆ ತಳ್ಳಿ, ನೆಲ ಉಜ್ಜಿ, ಮತ್ತೆ ಒಳಗೆ ತರುತ್ತಿದ್ದೆವು. ರೋಗಿಯ ಹೆಸರು, ನಂಬರಿನ ಚೀಟಿ ಮಂಚದಲ್ಲಿರುತ್ತಿರಲಿಲ್ಲ, ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು.

ಅಂದು ಹನ್ನೊಂದನೇ ಮಂಚದವನ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಿತ್ತು. ಕಾಲು ಕೊಳೆತಿತ್ತು. ಬೆಳಿಗ್ಗೆ ಆ ಮಂಚ ತಳ್ಳುವಾಗ ನಾವಿಬ್ಬರೂ ಮೂಗಿಗೆ ಟವೆಲ್ ಕಟ್ಟಿಕೊಂಡಿದ್ದೆವು. ಆ ಸಾಲಿನ ರೋಗಿಗಳು ಹಿಂದಿನ ಸಂಜೆಯಷ್ಟೇ ಬಂದವರಾದ್ದರಿಂದ ಯಾರ ಮುಖವೂ ಗುರುತಿರಲಿಲ್ಲ. ಸಿಸ್ಟರು ಗೋಡೆಯ ಚೀಟಿ ನೋಡಿ, ಅದರ ಕೆಳಗೆ ಮಲಗಿದ್ದವನಿಗೆ ಮತ್ತಿನ ಸೂಜಿ ಕೊಟ್ಟರು. ಅವನ ಎಡಗಾಲಿಗೂ ಬ್ಯಾಂಡೇಜು ಇತ್ತು. ನಾವು ಎತ್ತಿಕೊಂಡೆವು.

ಬಾಗಿಲ ಹತ್ತಿರ ನನಗೆ ಏನೋ ಸರಿಯಿಲ್ಲ ಅನಿಸಿತು.

"ಮುನಿಸ್ವಾಮಿ, ವಾಸ್ನೆ ಬರ್ತಾ ಇದ್ಯಾ?"

"ಇಲ್ಲ. ಯಾಕೆ, ನಿಂಗೆ ಅದೇ ಬೇಕಾಗಿತ್ತಾ? ನಡಿಯೋ, ಡಾಕ್ಟ್ರು ಕಾಯ್ತವ್ರೆ."

ನಾನು ನಡೆಯಲಿಲ್ಲ. ಸ್ಟ್ರೆಚರು ಕೆಳಗಿಟ್ಟು, "ಸಿಸ್ಟರ್, ಇವ್ರಲ್ಲ" ಅಂದೆ. ಅದನ್ನು ಹೇಳಲು ನೀನು ಯಾರು ಎಂದು ಅವರು ರೇಗಿದರು. ಆಮೇಲೆ ಬಗ್ಗಿ, ಮಲಗಿದ್ದವನ ಕೊರಳಿನ ಬಿಲ್ಲೆ ಎತ್ತಿ ನಂಬರು ಓದಿದರು. ಗೋಡೆಯ ಚೀಟಿ ಓದಿದರು. ಇನ್ನೊಮ್ಮೆ ಬಿಲ್ಲೆ ಓದಿದರು. ನಂತರ ನೆಟ್ಟಗೆ ಹದಿಮೂರನೇ ಮಂಚದ ಹತ್ತಿರ ಹೋಗಿ ಮೂಗು ಮುಚ್ಚಿಕೊಂಡರು. ತಿರುಗಿದಾಗ ಅವರ ಮುಖ ಸುಣ್ಣದ ಗೋಡೆಯಂತಿತ್ತು.

ಆ ಎರಡು ಮಂಚಗಳನ್ನು ಅದಲುಬದಲಾಗಿ ಒಳಗೆ ತಂದಿಟ್ಟವರು ನಾವೇ.

ಥಿಯೇಟರಿನಲ್ಲಿ ಬ್ಯಾಂಡೇಜು ಬಿಚ್ಚಿದಾಗ ಗೊತ್ತಾಗುತ್ತಿತ್ತು ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಗೊತ್ತಾಗುತ್ತಿತ್ತೇನೋ. ನಾನು ಅದರ ಒಳಗೆ ಹೋದವನಲ್ಲ, ಹೇಳಲಾರೆ. ಮುಂದಿನ ವಾರದಿಂದ ಚೀಟಿಗಳನ್ನು ಮಂಚಕ್ಕೇ ಕಟ್ಟತೊಡಗಿದರು.

ಎರಡು ತಿಂಗಳ ನಂತರ ಆ ಸ್ಟ್ರೆಚರಿನಲ್ಲಿದ್ದವನು ಕೋಲೂರಿಕೊಂಡು, ಎರಡೂ ಕಾಲಿನ ಮೇಲೆ ಗೇಟಿನವರೆಗೆ ನಡೆದುಹೋದ. ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ಸಿಸ್ಟರು ತೀರಿಕೊಂಡರೆಂದು ಕೇಳಿದೆ. ಆ ಬಾಗಿಲಲ್ಲಿ ಅದನ್ನು ಕಂಡವರಲ್ಲಿ ಈಗ ಉಳಿದಿರುವುದು ನಾನು ಮತ್ತು ಮುನಿಸ್ವಾಮಿ. ಅವನು ಕಗ್ಗದಾಸಪುರದಲ್ಲೇ ಇದ್ದಾನೆ. ಸಿಕ್ಕಾಗ ಎಲ್ಲ ಮಾತಾಡುತ್ತೇವೆ, ಇದೊಂದನ್ನು ಬಿಟ್ಟು.