ಗಾಳಿ ಹಿಂದಕ್ಕೆ ತರದ ಬಟ್ಟೆ

ಜಾಲಹಳ್ಳಿಯ ಗಡಿಯಾರ ಕಾರ್ಖಾನೆಗೆ ನಾನು ಕೆಲಸಕ್ಕೆ ಸೇರಿದಾಗ ನನ್ನ ಪಕ್ಕದ ಕುರ್ಚಿಯಲ್ಲಿ ವರ್ತೂರಿನವಳೊಬ್ಬಳು ಕೂರುತ್ತಿದ್ದಳು. ನನಗಿಂತ ಸ್ವಲ್ಪ ದೊಡ್ಡವಳು. ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಚಿಮಟದಲ್ಲಿ ಹಿಡಿದು ಕೂರಿಸುವುದು ನಮ್ಮ ಕೆಲಸ. ಅವಳ ಕೈ ಅಲುಗುತ್ತಲೇ ಇರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ವರ್ಷ ಮಾತ್ರ ಅವಳ ಚಿಮಟದಿಂದ ತಿರುಪುಗಳು ಉದುರತೊಡಗಿದವು. ಬಲಗೈ ಮಣಿಕಟ್ಟಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಬರುತ್ತಿದ್ದಳು. ಕೇಳಿದರೆ, "ಬಚ್ಚಲಲ್ಲಿ ಜಾರ್ದೆ ಕಣೆ" ಎನ್ನುತ್ತಿದ್ದಳು. ಅವಳ ಗಂಡ ಪೀಣ್ಯದ ವರ್ಕ್‌ಶಾಪೊಂದರಲ್ಲಿದ್ದ. ಅವನ ಹೆಸರೆತ್ತಿದರೆ ಮಾತು ಬದಲಿಸುತ್ತಿದ್ದಳು.

ನಮ್ಮ ಸೆಕ್ಷನ್ನಿನ ಹೆಂಗಸರೆಲ್ಲ ಸೇರಿ ಒಂದು ಭಾನುವಾರ ನಂದಿ ಬೆಟ್ಟಕ್ಕೆ ಹೋಗೋಣವೆಂದು ವ್ಯಾನ್ ಮಾಡಿದೆವು. ಎಲ್ಲಿಗೆ ಕರೆದರೂ ಒಲ್ಲೆನ್ನುವ ಅವಳು ಈ ಸಲ ಎಲ್ಲರಿಗಿಂತ ಮೊದಲು ಬರ್ತೀನಿ ಎಂದಳು. ಯಲಹಂಕ ದಾಟುವಾಗ ಅವಳ ಕಿವಿ ನೋಡಿದೆ. ಬರಿದಾಗಿತ್ತು.

"ಓಲೆ ಎಲ್ಲೇ?"

"ಅವ್ವನ ಅತ್ರ ಕೊಟ್ಟಿವ್ನಿ. ಮಗೀನೂ ಅಲ್ಲೇ ಬುಟ್ಟಿವ್ನಿ."

"ಯಾಕೆ?"

"ಅಲ್ಲಾದ್ರೆ ಚೆನ್ನಾಗ್ ನೋಡ್ಕೊತಾರೆ" ಎಂದು ಕಿಟಕಿಯ ಕಡೆ ತಿರುಗಿದಳು. ತಾನು ತಂದಿದ್ದ ಚಿತ್ರಾನ್ನವನ್ನೆಲ್ಲ ನಮಗೆ ಬಡಿಸಿ, ಒಂದು ತುತ್ತೂ ತಿನ್ನಲಿಲ್ಲ.

ಬೆಟ್ಟದ ಮೇಲೆ ಆ ದಿನ ವಿಪರೀತ ಗಾಳಿ. ನೀಲಗಿರಿ ಮರಗಳು ಒಂದೇ ಸಮನೆ ಭೋರ್ಗರೆಯುತ್ತಿದ್ದವು. ಬಂಡೆಯ ಅಂಚಿನಿಂದ ನೋಡಿದರೆ ಕೆರೆಗಳು, ದ್ರಾಕ್ಷಿ ತೋಟಗಳು, ದಾರದಂಥ ರಸ್ತೆ, ಎಲ್ಲವೂ ಅಂಗೈಯಗಲ ಕಾಣುತ್ತಿದ್ದವು. ಅಲ್ಲಿ ಸೀಬೆಹಣ್ಣು ಮಾರುತ್ತಿದ್ದ ಮುದುಕಿಯೊಬ್ಬಳು ನಮ್ಮನ್ನು ಕೂರಿಸಿಕೊಂಡು ಆ ಜಾಗದ ಕಥೆ ಹೇಳಿದಳು. ಕೋಟೆಯ ಕಾಲದಲ್ಲಿ ಸೆರೆಯಾಳುಗಳನ್ನು ಅಲ್ಲಿಂದಲೇ ಕೆಳಕ್ಕೆ ತಳ್ಳುತ್ತಿದ್ದರಂತೆ. ಹಾಗೆ ಸತ್ತವನೊಬ್ಬನ ಹೆಂಡತಿ ಬಂದು, ನಾನೂ ಬರಲೇ ಎಂದು ಕೇಳಿ ಸೆರಗು ಹರಿದು ಎಸೆದಳಂತೆ. ಎಸೆದಷ್ಟು ಸಲವೂ ಗಾಳಿ ಅದನ್ನು ಹಿಂದಕ್ಕೆ ತಂದಿತು. ಕೊನೆಗೊಮ್ಮೆ ತರಲಿಲ್ಲ. ಅವಳೂ ಮನೆಗೆ ಹಿಂದಿರುಗಲಿಲ್ಲ.

"ಅವತ್ನಿಂದ ಎಣ್ಮಕ್ಳು ಬಟ್ಟೆ ಬುಟ್ಟು ಕೇಳ್ತಾರೆ" ಎಂದಳು ಮುದುಕಿ. "ವಾಪಸ್ ಬಂದ್ರೆ ಬೆಟ್ಟ ಒಲ್ಲೆ ಅಂದಂಗೆ. ಬರ್ದಿದ್ರೆ ಒಪ್ದಂಗೆ. ನೀವು ಕೇಳಕ್ಕೋಗ್ಬೇಡ್ರವ್ವ. ಒಪ್ಬುಟ್ರೆ ಕಷ್ಟ."

ನಮ್ಮವರು ನಕ್ಕು, ಪ್ರಮೋಷನ್ ಸಿಗುತ್ತಾ, ಗಂಡು ಮಗು ಆಗುತ್ತಾ ಎಂದು ಕೇಳುತ್ತ ಕರ್ಚೀಫುಗಳನ್ನು ಎಸೆದರು. ಎಲ್ಲವೂ ಮೇಲೆದ್ದು ಬಂದು ನಮ್ಮ ಮುಖಕ್ಕೇ ಬಡಿದವು. ಅವಳು ಮಾತ್ರ ನಗದೆ, ಬಟ್ಟೆಗಳು ತಿರುಗಿ ಬರುವುದನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಕಣಿವೆಯಿಂದ ಮಂಜು ಏರಿ ಬಂತು. ಮುದುಕಿ ಬುಟ್ಟಿ ಎತ್ತಿಕೊಂಡು ಹೊರಟಳು. ಉಳಿದವರು ದೇವಸ್ಥಾನದ ಕಡೆ ಓಡಿದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದರೆ ಅವಳಿಲ್ಲ.

ಕೂಗಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮೊಣಕಾಲೆತ್ತರದ ಕಲ್ಲುಗೋಡೆಯನ್ನು ತಡವಿಕೊಂಡು ಹಿಂದಕ್ಕೆ ಬಂದೆ. ಗೋಡೆಯ ಆಚೆಗೆ, ಬಂಡೆಯ ಮೇಲೆ ಅವಳು ನಿಂತಿದ್ದಳು. ಮಣಿಕಟ್ಟಿನ ಬಟ್ಟೆಯನ್ನು ಬಿಚ್ಚುತ್ತಿದ್ದಳು. ಕೈ ಸುತ್ತಲೂ ನೀಲಿಗಟ್ಟಿದ್ದ ಬೆರಳಿನ ಗುರುತುಗಳನ್ನು ಆಗ ನೋಡಿದೆ. ಅವಳು ಬಟ್ಟೆಯನ್ನು ಗಾಳಿಗೆ ಬಿಟ್ಟಳು. ಅದು ಮೇಲೆದ್ದು, ಒಂದು ಗಳಿಗೆ ನಿಂತಂತಾಗಿ, ಮಂಜಿನೊಳಕ್ಕೆ ಇಳಿಯಿತು. ಕಾದೆವು. ಬರಲಿಲ್ಲ.

"ಒಪ್ಕೊಂತು ಕಣೆ" ಎಂದಳು.

ನಾನು ಗೋಡೆ ದಾಟಿ ಅವಳ ಎಡಗೈ ಹಿಡಿದೆ. "ಏನ್ ಕೇಳ್ದೆ?"

"ಏಳ್ಬಾರ್ದು."

"ಸರಿ, ಹೇಳ್ಬೇಡ. ಈ ಕಡೆ ಬಾ."

ತಕರಾರು ಮಾಡದೆ ಬಂದಳು. ವ್ಯಾನಿನವರೆಗೂ ಆ ಕೈ ಬಿಡಲಿಲ್ಲ. ಬಾಗಿಲಿಗೂ ಅವಳಿಗೂ ನಡುವೆ ನಾನು ಕೂತೆ. ಎಷ್ಟೋ ದಿನ ನಿದ್ದೆ ಕಾಣದವಳಂತೆ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಅವಳ ಬೀದಿಯ ತಿರುವಿನಲ್ಲಿ ಇಳಿಸಿ, ಅವಳು ಮರೆಯಾಗುವ ತನಕ ನೋಡಿದೆವು.

ಸೋಮವಾರ ಅವಳ ಕುರ್ಚಿ ಖಾಲಿ. ಮಧ್ಯಾಹ್ನ ಗೇಟಿನಿಂದ ನನಗೆ ಕರೆ ಬಂತು. ಅವಳ ಗಂಡ ನಿಂತಿದ್ದ. ಇಸ್ತ್ರಿ ಮಾಡಿದ ಶರ್ಟು, ಮೆತ್ತಗಿನ ಮಾತು.

"ನಿನ್ನೆ ನಿಮ್ ಜೊತೆ ಬಂದಿದ್ಲಂತಲ್ಲ ಮೇಡಂ. ಎಲ್ಲಿ ಅವ್ಳು? ಮನೇಗ್ ಬಂದಿಲ್ಲ."

ಗೊತ್ತಿಲ್ಲ ಎಂದೆ. ಅರ್ಧ ದಿನ ರಜೆ ಹಾಕಿ, ಮೆಜೆಸ್ಟಿಕ್ಕಿನಲ್ಲಿ ಬಸ್ ಬದಲಿಸಿ ವರ್ತೂರಿನ ಅವಳ ತವರಿಗೆ ಹೋದೆ. ಬಸ್ಸು ಕೆರೆ ಏರಿಯ ಮೇಲೆ ಸಾಗುವಾಗ ನೀರಿನ ಮೇಲೆ ಏನೇ ಬಿಳಿಯದು ಕಂಡರೂ ಎದ್ದು ಬಗ್ಗಿ ನೋಡುತ್ತಿದ್ದೆ. ಬೆಳ್ಳಕ್ಕಿಗಳು.

ಅವಳ ತಾಯಿ ಜಗುಲಿಯ ಮೇಲೆ ರಾಗಿ ಕೇರುತ್ತಿದ್ದರು. ನನ್ನನ್ನು ಕಂಡೊಡನೆ ಎದ್ದು ಬಾಗಿಲಿಗೆ ಅಡ್ಡ ನಿಂತರು. "ಯಾರೂ ಬಂದಿಲ್ಲ ಇಲ್ಲಿ" ಎಂದರು, ನಾನಿನ್ನೂ ಏನೂ ಕೇಳುವ ಮೊದಲೇ. ಒಳಗಿನಿಂದ ಅವಳ ದನಿ ಬಂತು: "ಬುಡವ್ವ, ನಮ್ಮೋಳೇ."

ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ನಾನು ಅಲ್ಲೇ ಕುಸಿದು ಅತ್ತೆ.

"ಸಾಯಕ್ ಕೇಳಿವ್ನಿ ಅಂದ್ಕೊಂಡ್ಯಾ?"

"ಮತ್ತೇನು ಕೇಳ್ದೆ?"

ಬಾಚಣಿಗೆ ನಿಂತಿತು. "ಓಗ್ಬುಡ್ಲಾ ಅಂತ ಕೇಳ್ದೆ. ಎಲ್ಲಿಗೆ ಅಂತ ಏಳ್ಲಿಲ್ಲ. ಬಟ್ಟೆ ಬರ್ದೇ ಇದ್ದಾಗ, ಬೆಟ್ಟ ಯಾವ್ದಕ್ಕೆ ಒಪ್ತು ಅಂತ ನಂಗೂ ತಿಳೀಲಿಲ್ಲ. ಅಷ್ಟೊತ್ಗೆ ನೀನು ಕೈ ಇಡ್ದೆ."

ತಿರುವಿನಲ್ಲಿ ಇಳಿದವಳು ಮನೆಗೆ ಹೋಗದೆ, ಹಿಂದಿನ ರಸ್ತೆಯಲ್ಲಿ ನಡೆದು ಕೊನೆಯ ಬಸ್ ಹಿಡಿದಿದ್ದಳು.

ಒಂದು ವಾರ ಕಳೆದು ಕೆಲಸಕ್ಕೆ ಬಂದಳು. ಅವಳ ಗಂಡ ಸಂಜೆಯ ಹೊತ್ತು ಗೇಟಿನೆದುರಿನ ಬೀಡಾ ಅಂಗಡಿಯ ಬಳಿ ನಿಲ್ಲತೊಡಗಿದ. ಬೈಯಲಿಲ್ಲ, ಹತ್ತಿರವೂ ಬರಲಿಲ್ಲ. ಸುಮ್ಮನೆ ನೋಡುತ್ತಿದ್ದ. ಅವನು ಬೈದಿದ್ದರೇ ವಾಸಿಯಿತ್ತು. ಅವಳನ್ನು ನಡುವೆ ಇಟ್ಟುಕೊಂಡು ನಾವೆಲ್ಲ ಬಸ್ ಸ್ಟಾಪಿನವರೆಗೆ ನಡೆಯುತ್ತಿದ್ದೆವು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಆಮೇಲೆ ಒಂದು ದಿನ ಅವನು ಅಲ್ಲಿರಲಿಲ್ಲ. ಮರುದಿನವೂ ಬರಲಿಲ್ಲ. ಊರು ಬಿಟ್ಟನೋ, ಬೇರೆ ಎಲ್ಲಾದರೂ ನಿಂತು ನೋಡುತ್ತಿದ್ದನೋ ನಮಗೆ ತಿಳಿಯಲಿಲ್ಲ. ಅವಳ ಜೊತೆ ನಡೆಯುವುದನ್ನು ಮಾತ್ರ ನಾವು ಬಿಡಲಿಲ್ಲ.